ಏಳು ತೂತಿನ ಅಂಗಿ

ಏಳು ತೂತು. ಮಬ್ರೂಕಾ ಒದ್ದೆ ಅಂಗಿಯನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ಎಣಿಸಿದಳು. ಬೆನ್ನಿನಲ್ಲಿ ಐದು, ತೋಳಿನಲ್ಲಿ ಎರಡು, ಒಂದೊಂದೂ ಎಳ್ಳುಕಾಳಿನಷ್ಟು. ಬೆಳಗ್ಗೆ ನೆನೆಹಾಕುವಾಗ ಒಂದೂ ಇರಲಿಲ್ಲ.

ಇಲಿ ಕಡಿದದ್ದಲ್ಲ, ಮೊಳೆ ತಗುಲಿದ್ದಲ್ಲ. ಗಾಬೆಸ್ ಊರಿನಲ್ಲಿ ಕಾರ್ಖಾನೆಯವನನ್ನು ಕಟ್ಟಿಕೊಂಡ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಧಕ ಸುಟ್ಟು ಆಮ್ಲ ಮಾಡುವ ಜಾಗದಲ್ಲಿ ಕಣ್ಣಿಗೆ ಕಾಣದ ಹನಿಗಳು ಬಟ್ಟೆಯ ಮೇಲೆ ಕೂರುತ್ತವೆ. ಗಂಡ ಮನೆಗೆ ಬಂದಾಗ ಅಂಗಿ ನೆಟ್ಟಗೇ ಇರುತ್ತದೆ. ಒಗೆದ ಮೇಲೆ ಜರಡಿ.

ಅವಳ ಗಂಡ ತಿಜಾನಿ ಇಪ್ಪತ್ತಾರು ವರ್ಷ ಅಲ್ಲಿ ದುಡಿದವನು. "ನೀರು ಆರಿಹೋಗುತ್ತೆ ಕಣೇ, ಇದು ಆರಲ್ಲ. ಕೂತ ಕಡೆ ಕೂತೇ ಇರುತ್ತೆ," ಎನ್ನುತ್ತಿದ್ದ. ಹತ್ತಿ ತಾಳುವುದಿಲ್ಲವೆಂದು ಅಲ್ಲಿಯವರು ಸುಡುಬೇಸಿಗೆಯಲ್ಲೂ ಉಣ್ಣೆ ತೊಡುತ್ತಿದ್ದರು. ಉಣ್ಣೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಮನುಷ್ಯನ ಎದೆಗೂಡು ಉಣ್ಣೆಯದಲ್ಲವಲ್ಲ! ಎಂಟು ತಿಂಗಳ ಹಿಂದೆ ಪಾಳಿ ಮುಗಿಸಿ ಬಂದವನು ಕೋಟನ್ನು ಗೂಟಕ್ಕೆ ಹಾಕಿ, ಕೆಮ್ಮುತ್ತ ಮಲಗಿದ. ಏಳಲಿಲ್ಲ. ಅವನದ್ದೆಲ್ಲ ಬಡವರಿಗೆ ಹಂಚಿಹೋಯಿತು. ಆ ಕೋಟೊಂದು ಮಾತ್ರ ಮರದ ಪೆಟ್ಟಿಗೆ ಸೇರಿತು.

ಮಣ್ಣು ಮಾಡಿದ ದಿನವೇ ಅವಳು ಒಬ್ಬನೇ ಮಗ ರಮ್ಜಿಯಿಂದ ಆಣೆ ಹಾಕಿಸಿಕೊಂಡಿದ್ದಳು: ಆ ಗೇಟು ದಾಟಕೂಡದು. ತಂದೆಯ ಜಾಗ ಮಗನಿಗೆ ಎಂದು ಕಾರ್ಖಾನೆಯವರು ಎರಡು ಸಲ ಹೇಳಿಕಳಿಸಿದರೂ ಅವನು ಹೋಗಲಿಲ್ಲ. ಪೇಟೆಯ ಗೋರಂಟಿ ಅಂಗಡಿ ಸೇರಿಕೊಂಡೆ ಎಂದ. ಅವನು ಹೇಳಿದ, ಇವಳು ನಂಬಿದಳು.

"ಎಷ್ಟು?" ಗೋಡೆಯಾಚೆಯಿಂದ ಪಕ್ಕದ ಮನೆಯ ಶಾದ್ಲಿಯಾ ಇಣುಕಿದಳು. ಅವಳ ಗಂಡನೂ ಕಾರ್ಖಾನೆಯವನೇ.

"ಏನೆಷ್ಟು?"

"ಅಯ್ಯೋ, ನನ್ನ ಹತ್ರ ಯಾಕೆ ಮುಚ್ಚುಮರೆ ಮಾರಾಯ್ತಿ? ಗೋರಂಟಿ ಮಾರೋನ ಅಂಗಿ ಕೆಂಪಾಗುತ್ತೆ, ತೂತಾಗಲ್ಲ. ನಿನ್ನೆ ಕಾರ್ಖಾನೆ ಬಸ್ಸಿಂದ ಇಳಿದ ನೋಡು ನಿನ್ನ ಮಗ. ಕೆಮ್ತಾ ಬೇರೆ ಇದ್ದ."

ಬೇಸಿಗೆಯ ಹತ್ತಿ ಅಂಗಿಗಳು ಹೊರಬಿದ್ದ ಮೇಲೆ ಇದು ನಾಲ್ಕನೆಯದು. ಅವಳು ಒಗೆದು, ಇಸ್ತ್ರಿ ಮಾಡಿ, ಪೆಟ್ಟಿಗೆಯಲ್ಲಿಡುತ್ತಾಳೆ. ಅವನು ತೊಟ್ಟು ಬರುತ್ತಾನೆ. ಮತ್ತೆ ಒಗೆದರೆ ತೂತು. ಮೊನ್ನೆ ಅಂಗಡಿಗೇ ಹೋಗಿ ನೋಡಿದ್ದಳು. "ಈಗಷ್ಟೇ ಹೋದ, ಮದುವೆ ಮನೆಗೆ ಗೋರಂಟಿ ಕೊಡೋಕೆ," ಎಂದಿದ್ದ ಮಾಲೀಕ. ಈಗಷ್ಟೇ ಅಂತೆ! ಇವರೆಲ್ಲ ಸೇರಿ ಆಡುತ್ತಿರುವ ಆಟ ಇದು ಎನಿಸಿತು. ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಇವತ್ತು ಒಲೆಯ ಮೇಲಿನ ಚಹಾ ಎರಡು ಸಲ ಉಕ್ಕಿತು. ಸಂಜೆಯ ನಮಾಜು ಮುಗಿಸಿ, ಬಾಗಿಲು ಹಾಕಿಕೊಂಡು, ಆ ಪೆಟ್ಟಿಗೆಯ ಮುಂದೆ ಕೂರುವಾಗ ಮಾತ್ರ ಜೀವಕ್ಕೆ ಒಂದು ಗಳಿಗೆ ನೆಮ್ಮದಿ.

ಆ ಸಂಜೆಯೂ ಕೂತೆದ್ದಳು. ಮಗ ಬಂದು ರೊಟ್ಟಿಗೆ ಖಾರ ಹಚ್ಚಿಕೊಳ್ಳುತ್ತಿದ್ದಂತೆ ಅಂಗಿಯನ್ನು ಅವನ ತಟ್ಟೆಯ ಪಕ್ಕ ಎಸೆದಳು.

"ಏನೋ ಇದು?"

"ಹಳೇ ಅಂಗಿ ಅಮ್ಮ. ಸವೆದಿರುತ್ತೆ."

"ನನ್ನ ಕಿವಿ ಮೇಲೇ ಹೂ ಇಡ್ತೀಯಾ? ಇಪ್ಪತ್ತಾರು ವರ್ಷ ಈ ತೂತಿಗೆ ತೇಪೆ ಹಾಕಿದೋಳು ನಾನು. ಕೆಮ್ಮು ಎಲ್ಲಿಂದ ಬಂತು?"

"ಗೋರಂಟಿ ಪುಡಿ. ದಿನಾ ಜರಡಿ ಹಿಡೀತೀನಲ್ಲ."

"ಕಾರ್ಖಾನೆ ಬಸ್ಸು?"

"ಡ್ರೈವರ್ ಅಪ್ಪನ ಸ್ನೇಹಿತ. ದಾರೀಲಿ ಕಂಡ್ರೆ ಹತ್ತಿಸ್ಕೋತಾನೆ."

ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಿತ್ತು. ಅದೇ ಅವಳಿಗೆ ಉರಿ ಹತ್ತಿಸಿತು.

"ಸುಳ್ಳ! ಅಪ್ಪನ ಗೋರಿ ಮೇಲೆ ಕೈಯಿಟ್ಟು ಸುಳ್ಳು ಹೇಳಿದೆಯಲ್ಲೋ!"

ರಮ್ಜಿ ತುತ್ತನ್ನು ತಟ್ಟೆಗೆ ವಾಪಸು ಹಾಕಿದ. "ಸರಿ. ಮಾಡದ ತಪ್ಪಿಗೆ ಬೈಸ್ಕೊಳ್ಳೋದಕ್ಕಿಂತ ಮಾಡಿಯೇ ಬೈಸ್ಕೋತೀನಿ. ಅಪ್ಪನ ಜಾಗಕ್ಕೆ ನಾಳೆ ಕಡೇ ದಿನ. ಬೆಳಗ್ಗೆ ಪಾಳಿ ಬಸ್ಸಿಗೆ ಹೋಗಿ ಸಹಿ ಹಾಕ್ತೀನಿ."

"ಸಾಕು ನಾಟಕ. ದಿನಾ ಹೋಗೋ ಜಾಗಕ್ಕೆ ಸಹಿ ಬೇರೆ ಕೇಡು!"

ಬೆಳಗ್ಗೆ ಅವನು ಚಹಾ ಕುಡಿಯಲಿಲ್ಲ, ಹೋಗಿಬರುತ್ತೇನೆ ಎನ್ನಲಿಲ್ಲ. ಅವಳೂ ತಲೆ ಎತ್ತಲಿಲ್ಲ. ಅಂಗಳದಲ್ಲಿ ಬಟ್ಟೆ ತಿಕ್ಕುತ್ತಿದ್ದಳು. ಚಳಿಗಾಲದ ಉಣ್ಣೆ ಹೊದಿಕೆ ತೆಗೆದಿಟ್ಟು ವಾರದಿಂದ ತೊಟ್ಟಿದ್ದ ಅವಳದೇ ಹತ್ತಿ ನಿಲುವಂಗಿ. ಈ ಬೇಸಿಗೆಯಲ್ಲಿ ಅದಕ್ಕೆ ಮೊದಲ ಒಗೆತ. ಅಂಗೈ ಉರಿಯುವಷ್ಟು ತಿಕ್ಕಿದಳು, ಹಿಂಡಿದಳು, ಕೊಡವಿ ಹಗ್ಗಕ್ಕೆ ಹಾಕಿದಳು.

ಬಿಸಿಲು ಬಟ್ಟೆಯೊಳಗಿಂದ ಹಾಯ್ದು ಅವಳ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿತ್ತು.

ಎದೆಯ ಭಾಗ ಪೂರಾ ಜರಡಿ. ಎರಡೂ ತೋಳುಗಳ ಒಳಮಗ್ಗುಲಲ್ಲಿ ಇನ್ನಷ್ಟು. ಜನ್ಮದಲ್ಲಿ ಒಮ್ಮೆಯೂ ಆ ಗೇಟಿನೊಳಗೆ ಕಾಲಿಟ್ಟವಳಲ್ಲ ಅವಳು.

"ಶಾದ್ಲಿಯಾ! ಬಸ್ಸು ಹೋಯ್ತೇನೇ?"

"ಇಲ್ಲ ಕಣೇ, ತಿರುವಲ್ಲಿ ನಿಂತಿದೆ. ಯಾಕೆ, ಏನಾಯ್ತು?"

ಮಬ್ರೂಕಾ ಒದ್ದೆ ನಿಲುವಂಗಿಯನ್ನು ಹಗ್ಗದಿಂದ ಕಿತ್ತುಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದಳು. "ಹತ್ತಬೇಡ್ವೋ! ರಮ್ಜೀ, ನಿನ್ನದಲ್ವೋ, ತಪ್ಪು ನಿನ್ನದಲ್ಲ!" ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಮಗ ತಿರುಗಿ ನೋಡಿದ.

ಎಂಟು ತಿಂಗಳಿಂದ ದಿನಾ ಸಂಜೆ ಪೆಟ್ಟಿಗೆಯಿಂದ ತೆಗೆದು, ಎದೆಗವಚಿಕೊಂಡು ಅತ್ತು, ಮತ್ತೆ ಮಗನ ಅಂಗಿಗಳ ಮೇಲೆಯೇ ಮಡಿಸಿಡುತ್ತಿದ್ದ ತಿಜಾನಿಯ ಆ ಉಣ್ಣೆ ಕೋಟನ್ನು, ಅವನ ವಾಸನೆ ಹೋದೀತೆಂದು, ಅವಳು ಒಂದು ಸಲವೂ ಒಗೆದಿರಲಿಲ್ಲ.