ಬಲಗಡೆ ಬಿದ್ದರೆ ಮೆರೀನಾ

ಒದ್ದೆ ಕಣಗಿಲೆ ಹೂವಿನ ವಾಸನೆ ಬಂದರೆ ಈಗಲೂ ನಾನು ಉಸಿರು ಬಿಗಿಹಿಡಿಯುತ್ತೇನೆ.

ದೊಡ್ಡಗಾಜನೂರಿನ ನಮ್ಮ ಮನೆಯಲ್ಲಿ ಅಂದು ಮಧ್ಯಾಹ್ನ, ಮದ್ರಾಸಿನಲ್ಲಿ ಯಾವ ಬೀಚಿಗೆ ಹೋಗುವುದೆಂಬ ವಾದ ನಡೆದಿತ್ತು. ನಮಗೆ ಅಲ್ಲಿ ಸಿಗುತ್ತಿದ್ದುದು ಒಂದೇ ಸಂಜೆ.

"ಅಷ್ಟು ದೂರ ಓಗಿ ಮೆರೀನಾ ನೋಡ್ದೆ ಬರದಾ?" ಎಂದಳು ಅವ್ವ.

"ಜನವೋ ಜನ ಕಣಮ್ಮಿ, ಈ ಐದ ಕಳ್ದೋಯ್ತನೆ. ಬೆಸೆಂಟ್ ನಗರಕ್ಕೇ ಓಗುವ," ಎಂದ ಅಪ್ಪ, ನನ್ನತ್ತ ಕೈ ತೋರಿಸಿ.

ಅದು ನೆಪವೆಂದು ನನಗೂ ಗೊತ್ತಿತ್ತು. ಬೇಲಿ ಜಗಳದಲ್ಲಿ ಅಪ್ಪ ಹೊಡೆದ ಮೇಲೆ ಊರು ಬಿಟ್ಟಿದ್ದ ಅವ್ವನ ಒಬ್ಬನೇ ತಮ್ಮ ಮೆರೀನಾದಲ್ಲಿ ಕಡಲೆಕಾಳಿನ ಸುಂಡಲ್ ಮಾರುತ್ತಾನೆಂದು ಯಾರೋ ಹೇಳಿದ್ದರು.

"ಕಿತ್ತಾಡ್ಬ್ಯಾಡಿ, ಸಿವನ್ನೇ ಕೇಳುವ," ಎಂದು ಅಜ್ಜಿ ದೇವರ ಜಗಲಿಯ ಲಿಂಗದ ಎರಡು ಪಕ್ಕಕ್ಕೂ ಒದ್ದೆ ಕಣಗಿಲೆ ಹೂ ಅಂಟಿಸಿದಳು. ಬಲಗಡೆಯದು ಮೊದಲು ಬಿದ್ದರೆ ಮೆರೀನಾ. "ಟೀವಿ ನೋಡ್ದಂಗೆ ನೋಡ್ಬ್ಯಾಡ ಕಣ್ಲಾ, ಕೈ ಮುಗಿ," ಎಂದು ನನ್ನ ತಲೆಗೆ ಮೊಟಕಿದಳು.

ಮಾವನ ಮೂಗಿನಿಂದ ಸುರಿದಿದ್ದ ರಕ್ತ ನನ್ನ ಕಣ್ಣ ಮುಂದಿತ್ತು. ಅವರಿಬ್ಬರೂ ಮತ್ತೆ ಎದುರಾಗುವುದು ನನಗೆ ಬೇಡವಾಗಿತ್ತು. ಮುಗಿದ ಕೈಗಳ ಹಿಂದಿನಿಂದ ಎಡಗಡೆಯ ಹೂವಿಗೆ ಮೆಲ್ಲಗೆ ಊದಿದೆ. ಅಥವಾ ಊದಬೇಕೆಂದುಕೊಂಡೆ ಅಷ್ಟೆ. ಕಾಲೇಜು ಓದಿ ದೇವರನ್ನು ಬಿಟ್ಟ ಮೇಲೆ ಆ ಊದಿದ್ದನ್ನು ನಾನೇ ಸೇರಿಸಿಕೊಂಡೆನೋ ಏನೋ. ಎಡಗಡೆಯದು ಬಿದ್ದದ್ದಂತೂ ನಿಜ.

"ಸಿವನೇ ಏಳ್ಬುಟ್ಟ," ಎಂದ ಅಪ್ಪ.

ಬೆಸೆಂಟ್ ನಗರದ ಮರಳಿನಲ್ಲಿ ಅವ್ವ ಸುಂಡಲ್ ಮಾರುವವನೊಬ್ಬನನ್ನು ತಡೆದು, ಮೆರೀನಾ ಯಾವ ಕಡೆ ಎಂದು ತಮಿಳಿನಲ್ಲಿ ಕೇಳಿದಳು. ಅವನು ದೂರದ ದೀಪಸ್ತಂಭದ ಕಡೆ ಕೈ ತೋರಿಸಿದ. ಅವ್ವ ಅತ್ತ ಮುಖ ಮಾಡಿ ಕೂತಳು. ಅಪ್ಪ ನನ್ನನ್ನು ಎತ್ತಿಕೊಂಡು ಅಲೆಗಿಳಿದು ಎರಡು ಸಲ ಕೂಗಿ ಕರೆದ. ಅವಳು ಕಡಲಿನ ಕಡೆ ತಿರುಗಲೇ ಇಲ್ಲ.