ನಾಲ್ಕು ನಿಂಬೆಹಣ್ಣು

ಹದಿನೈದು ವರ್ಷ ತುಂಬಿದ ಕಾರು ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ಆಯುಧಪೂಜೆಯ ದಿನ ಕಾರೇ ತೀರ್ಮಾನಿಸುತ್ತಿತ್ತು. ಯಜಮಾನರನ್ನು ಕೂರಿಸಿಕೊಂಡು, ಚಕ್ರದಡಿಯ ನಿಂಬೆಹಣ್ಣುಗಳನ್ನು ಹತ್ತು ನಿಮಿಷದೊಳಗೆ ತಾನಾಗಿ ತುಳಿದು ಮುಂದೆ ಬಂದರೆ ಇನ್ನೊಂದು ವರ್ಷ ಜೊತೆಗಿರುತ್ತದೆ. ನಿಂತಲ್ಲೇ ನಿಂತರೆ ವಿಶ್ರಾಂತಿ ಬಯಸಿದೆ ಎಂದರ್ಥ.

ಧಾರವಾಡದ ಇಂದುಮತಿ ತಮ್ಮ ಕಾರಿನೊಳಗೆ ಕೈಮುಗಿದು ಕುಳಿತಿದ್ದರು. ಒಂಬತ್ತು ನಿಮಿಷ ಕಳೆದಿತ್ತು. ಎಂಜಿನ್ ಗುಂಯ್‌ಗುಡುತ್ತಿತ್ತು, ಚಕ್ರ ಮಾತ್ರ ಅಲುಗಿರಲಿಲ್ಲ.

"ಸಾಕಾತೇನವ್ವಾ ನನ್ನ ಸಂಗಾತ?" ಎಂದು ಅವರು ಸ್ಟೀರಿಂಗನ್ನು ಸವರಿದರು.

"ಅದಕ್ಕೂ ವಯಸ್ಸಾಗೇತ್ರಿ ಅಕ್ಕಾರ, ಬಿಟ್ಟುಕೊಡ್ರಿ," ಎಂದರು, ಗಡಿಯಾರ ಹಿಡಿದು ಕಾರಿನೆದುರು ನಿಂತಿದ್ದ ತಪಾಸಣಾಧಿಕಾರಿ ಹೊಸಮನಿ.

ಕಿಟಕಿಯಲ್ಲಿ ಇಣುಕಿದ ಪತಿ ವಿರೂಪಾಕ್ಷ ಹಣೆ ಬಡಿದುಕೊಂಡರು.

"ಏ ಇಂದೂ! ಬೆಲ್ಟ್ ಹಾಕ್ಕೊಂಡಿಲ್ಲಲ್ಲ ನೀ! ಬೆಲ್ಟ್ ಇಲ್ಲದ ನಿನ್ನ ಒಂದಿನಾರ ಕರ್ಕೊಂಡು ಹೋಗೇತೇನ ಅದು?"

ಇಂದುಮತಿ ಬೆಲ್ಟನ್ನು ಎಳೆದು ಸಿಕ್ಕಿಸಿದರು. ಮರುಕ್ಷಣವೇ ನಾಲ್ಕೂ ನಿಂಬೆಹಣ್ಣುಗಳು ಪಚಕ್ಕನೆ ಒಡೆದವು. ಹೊಸಮನಿಯವರು ಗಡಿಯಾರ ಕೈಬಿಟ್ಟು ಬದಿಗೆ ಜಿಗಿಯಬೇಕಾಯಿತು.