ಬೂದು ಲಂಗದವಳು

"ಇದು ನೀವೇ, ರಾಗ್ನಾ ಅವರೇ. ಹೋದ ವರ್ಷ ಆಚೆ ಬಂಡೆ ಮೇಲಿಂದ ತೆಗ್ದಿದ್ದು," ಎಂದು ಬೆರಿಟ್ ಫೋಟೋವನ್ನು ಮೇಜಿನ ಮೇಲಿಟ್ಟಳು. "ಬಾತುಗಳ ಮಧ್ಯೆ ಎಷ್ಟು ಚೆನ್ನಾಗಿ ಕೂತಿದೀರ ನೋಡಿ!"

ರಾಗ್ನಾ ನೋಡಿದಳು. ಬೂದು ಲಂಗ ತನ್ನದು. ನೀಲಿ ತಲೆವಸ್ತ್ರವೂ ತನ್ನದೇ. ಕ್ಯಾಮೆರಾಕ್ಕೆ ಬೆನ್ನು ಮಾಡಿ ಗೂಡಿನ ಪಕ್ಕ ಕೂತಿದ್ದವಳು ಮಾತ್ರ ತಾನಲ್ಲ. ಹೋದ ವರ್ಷ ಮೇ ತಿಂಗಳಿಡೀ ಅವಳು ಸೊಂಟ ಮುರಿದುಕೊಂಡು ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದಳು. ದ್ವೀಪದಲ್ಲಿ ಒಬ್ಬನೇ ಇದ್ದೇನೆ, ಬೇಜಾರು ಎಂದು ಗಂಡ ಸಿವರ್ಟ್ ದಿನಾ ಫೋನಿನಲ್ಲಿ ಗೋಳಾಡುತ್ತಿದ್ದ.

"ಚೆನ್ನಾಗಿ ಬಂದಿದೆ," ಎಂದಳು ರಾಗ್ನಾ. ಬೆರಿಟ್‌ಗೆ ಏನು ಗೊತ್ತು ಪಾಪ. ದ್ವೀಪ ದ್ವೀಪಕ್ಕೂ ನಿಲ್ಲುವ ಟಪಾಲು ದೋಣಿಯಲ್ಲಿ ನಾಲ್ಕು ದಿನ ತೂಕಡಿಸುತ್ತ ಬಂದು, ಪಕ್ಕದ ದ್ವೀಪದಲ್ಲಿ ತಂಗಿ, ಹತ್ತು ದಿನ ದುರ್ಬೀನು ಹಿಡಿದು ಆಚೆ ಬಂಡೆಯ ಮೇಲೆ ಕೂರುವ ಅತಿಥಿ ಅವಳು.

ಪ್ರತಿ ವಸಂತದಲ್ಲೂ ಐಡರ್ ಬಾತುಗಳು ಕಡಲಿನಿಂದ ಏರಿ ಬಂದು, ದ್ವೀಪದವರು ಕಟ್ಟಿಟ್ಟ ಪುಟ್ಟ ಕಲ್ಲುಗೂಡುಗಳಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ಹೋದಮೇಲೆ ಉಳಿಯುವ ಬೆಲೆಬಾಳುವ ಮೆತ್ತನೆ ತುಪ್ಪುಳು ಇವರಿಗೆ. ಕಾಯುವವಳು ದಿನವೂ ಅದೇ ಬಟ್ಟೆ ತೊಡಬೇಕು. ತಲೆವಸ್ತ್ರದ ಬಣ್ಣ ಬದಲಾದರೂ ಅವು ಕಡಲಿಗೆ ವಾಪಸ್. ಅದೆಲ್ಲ ಹೆಂಗಸರ ಕೆಲಸ ಎಂದು ಸಿವರ್ಟ್ ಮೀನುಗಾರ ಗೆಳೆಯರ ಮುಂದೆ ನಗುತ್ತಿದ್ದ. ಹೋದ ವರ್ಷ ಬಾತುಗಳು ತಾವಾಗಿಯೇ ಬಂದು ಕೂತವು ಎಂದಿದ್ದ. ದಡ್ಡಿ, ನಂಬಿದ್ದಳು.

ಈಗ ಒಂದೊಂದೇ ಹೊಳೆಯತೊಡಗಿತು. ಅವಳು ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಸಿವರ್ಟ್‌ನ ಗಡ್ಡ ಮಾಯವಾಗಿತ್ತು. ಮದುವೆಯ ದಿನವೂ ಬೋಳಿಸಲು ಒಪ್ಪದ ಗಡ್ಡ! ಪೈಪು ಸೇದುವುದು ನಿಂತಿತ್ತು. ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದವನ ದನಿ ಮೆತ್ತಗಾಗಿತ್ತು. ಲಂಗದ ಸೊಂಟಪಟ್ಟಿಯನ್ನು ಯಾರೋ ಬಿಚ್ಚಿ, ನಾಲ್ಕು ಬೆರಳು ಅಗಲ ಮಾಡಿ ಹೊಲಿದಿದ್ದರು. ಮೈ ತುಂಬಿದ ಹೆಂಗಸೇ ಇರಬೇಕು. ಈ ವಯಸ್ಸಿನಲ್ಲಿ ಗಂಡಸು ಯಾಕೆ ಹೀಗೆ ಬದಲಾಗುತ್ತಾನೆಂದು ಯಾರಾದರೂ ಹೇಳಿಕೊಡಬೇಕೇ?

ಆ ಹೆಂಗಸು ಈಗಲೂ ಬರುತ್ತಿದ್ದಳು. ಸಿವರ್ಟ್ ನಾಲ್ಕಕ್ಕೇ ಎದ್ದು ಮೀನಿಗೆ ಹೋಗುತ್ತಿದ್ದ. ನೋವಿನ ಮಾತ್ರೆ ನುಂಗಿದ ರಾಗ್ನಾಳಿಗೆ ಎಂಟರವರೆಗೂ ಎಚ್ಚರವಿಲ್ಲ. ಎದ್ದು ಮೊಳೆಯಿಂದ ಲಂಗ ತೆಗೆದರೆ ಅಂಚೆಲ್ಲ ಇಬ್ಬನಿಗೆ ಒದ್ದೆ. ಗೂಡುಗಳಿಗೆ ಆಗಲೇ ಒಣಗಿದ ಕಡಲಪಾಚಿ ಹಾಸಿರುತ್ತಿತ್ತು. ಊರುಗೋಲು ಹಿಡಿದ ರಾಗ್ನಾ ಹತ್ತಿರ ಬಂದರೆ ಬಾತುಗಳು ಕತ್ತೆತ್ತಿ ದೂರ ಸರಿಯುತ್ತಿದ್ದವು. ಅವೂ ಆ ಹೆಂಗಸಿನ ಕಡೆ ಸೇರಿಕೊಂಡಿದ್ದವು. ಅದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು.

"ನಾನಿಲ್ದಾಗ ಇಲ್ಲಿಗೆ ಯಾರು ಬಂದಿದ್ರು?" ಊಟದ ಹೊತ್ತಿನಲ್ಲಿ ಕೇಳಿದಳು.

"ಯಾರು ಬರ್ತಾರೆ ಇಲ್ಲಿಗೆ, ನಿನ್ನ ಬಾತು ಬಿಟ್ರೆ?" ಎಂದ ಸಿವರ್ಟ್. ಕಿವಿಯವರೆಗೂ ಕೆಂಪಾಗಿ, ಮೀನಿನ ತಟ್ಟೆಯಿಂದ ಮುಖ ಎತ್ತಲಿಲ್ಲ.

ಮಂಗಳವಾರ ರಾಗ್ನಾ ಡಾಕ್ಟರ ಬಳಿ ಹೋಗುತ್ತೇನೆಂದು ಸುಳ್ಳು ಹೇಳಿ ದೋಣಿ ಹತ್ತಿದಳು. ಚೀಲದಲ್ಲಿ ಬೂದು ಲಂಗ, ತಲೆವಸ್ತ್ರ ಬಿಟ್ಟು ತನ್ನ ಬಟ್ಟೆಯೆಲ್ಲ ಇತ್ತು. ಕಣ್ಣಾರೆ ಕಂಡರೆ ಮೂವತ್ತೊಂದು ವರ್ಷದ ಸಂಸಾರ ಅಲ್ಲಿಗೇ ಮುಗಿಯಿತು. ಅಕ್ಕನ ಮನೆಗೆ ಹೋಗುವುದು, ಮತ್ತೆ ಬರುವುದಿಲ್ಲ. ಪಕ್ಕದ ದ್ವೀಪದಲ್ಲೇ ಇಳಿದು ಗೆಳತಿ ಮಾರೆನ್‌ಳ ಬಾಗಿಲು ಬಡಿದಳು. ಮಾರೆನ್ ಒಣಕಡ್ಡಿ. ಆ ಲಂಗ ಅವಳ ಸೊಂಟದಲ್ಲಿ ನಿಲ್ಲುವುದಿಲ್ಲ.

"ಯಾರೇ ಅವಳು? ನಿಂಗೆ ಗೊತ್ತಿರುತ್ತೆ."

ಮಾರೆನ್ ತುಟಿ ಕಚ್ಚಿಕೊಂಡಳು. "ಗೊತ್ತು. ಆದ್ರೆ ಹೇಳಲ್ಲ ಅಂತ ಸಿವರ್ಟ್‌ಗೆ ಮಾತು ಕೊಟ್ಟಿದೀನಿ. ಲಂಗ ಬಿಚ್ಚಿ ಹೊಲಿದುಕೊಟ್ಟವಳೂ ನಾನೇ ಕಣೇ."

"ನೀನೂನಾ, ಮಾರೆನ್!"

"ನನ್ನ ದೋಣೀಲೇ ಬಿಡ್ತೀನಿ ಬಾ, ಕಣ್ಣಾರೆ ನೋಡು. ಕಿರುಚಬೇಡ ಅಷ್ಟೆ. ಮರಿ ಹೊರಗೆ ಬರೋ ಹೊತ್ತು."

ನಡುಹಗಲು. ತಮ್ಮ ದ್ವೀಪಕ್ಕೆ ಮರಳಿದ ರಾಗ್ನಾ ಕಲ್ಲುಗೋಡೆಯ ಹಿಂದಿನಿಂದ ಇಣುಕಿದಳು. ಬೂದು ಲಂಗದವಳು ಅಲ್ಲೇ ಇದ್ದಳು, ಈ ಕಡೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಬಾತೂ ಅಲುಗಲಿಲ್ಲ. "ಬಾರೇ ನನ್ನ ಬಂಗಾರಿ, ಹೆದರ್ಬೇಡ ಕಣೇ," ಎಂದು ಸಣ್ಣ ದನಿಯಲ್ಲಿ ಮುದ್ದು ಮಾಡುತ್ತಿದ್ದಳು. ರಾಗ್ನಾಳದೇ ಮಾತು, ರಾಗ್ನಾಳದೇ ರಾಗ. ಲಂಗ ಹೋಯಿತು, ಬಾತು ಹೋಯಿತು, ಗಂಡ ಹೋದ, ಈಗ ನಾಲಗೆಯ ಮೇಲಿನ ಮಾತನ್ನೂ ಕದ್ದಿದ್ದಾಳೆ. ರಾಗ್ನಾಳ ಕಣ್ಣು ತುಂಬಿ ಬಂತು. ಊರುಗೋಲು ಬಿಟ್ಟು, ಕುಂಟುತ್ತ ಹಿಂದಿನಿಂದ ಹೋಗಿ, ಜುಟ್ಟು ಹಿಡಿದೇ ಎಳೆಯುವೆನೆಂದು ತಲೆವಸ್ತ್ರಕ್ಕೆ ಕೈ ಹಾಕಿದಳು.

ಜುಟ್ಟು ಸಿಗಲಿಲ್ಲ.

"ಮೆಲ್ಲಗೆ ಕಣೇ," ಬಟ್ಟ ಬೋಳುತಲೆಯ ಸಿವರ್ಟ್ ತಿರುಗಿ ನೋಡಿ ಪಿಸುಗುಟ್ಟಿದ, "ನೀನು ಗಟ್ಟಿಯಾಗೋವರೆಗೂ ಅಂತ... ಪ್ಯಾಂಟಲ್ಲಿ ಬಂದ್ರೆ ಒಂದೂ ಕೂರಲ್ಲ."